ಬಿಚ್ಚಿ ಕಟ್ಟಿದ್ದು

ನನ್ನ ಮಾತ್ರೆಯ ಹೆಸರು ಓದಿ ಹೇಳುತ್ತಿದ್ದ ಮೊಬೈಲು ಈಗ ಓದುವುದಿಲ್ಲ. ಮೊಬೈಲು ಕೆಟ್ಟಿಲ್ಲ. ಅದರೊಳಗಿನ ಓದುವ ಪ್ರೋಗ್ರಾಮು ಬರೆದ ಇಬ್ಬರು ಹುಡುಗಿಯರು ಮಾತು ಬಿಟ್ಟಿದ್ದಾರೆ, ಅಷ್ಟೆ.

ಒಬ್ಬಳು ನನ್ನ ಮೊಮ್ಮಗಳು. ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಕೆಲಸ, ವಾಸ ಬೋಳಾರದಲ್ಲಿ ನನ್ನೊಟ್ಟಿಗೆ. ಇನ್ನೊಬ್ಬಳು ಅವಳ ಕಾಲೇಜಿನ ಗೆಳತಿ, ಉಳ್ಳಾಲದ ಬ್ಯಾರಿ ಹುಡುಗಿ. ಕ್ಯಾಮೆರಾ ಹಿಡಿದರೆ ಅಕ್ಷರವನ್ನು, ಕನ್ನಡವಾಗಲಿ ಇಂಗ್ಲಿಷಾಗಲಿ, ಗಟ್ಟಿಯಾಗಿ ಓದುವ ಆ ಪ್ರೋಗ್ರಾಮನ್ನು ಇಬ್ಬರೂ ಸೇರಿ ನಾಲ್ಕು ವರ್ಷ ಬರೆದರು. ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ಇಬ್ಬರೂ ಹೂಂ ಎಂದರೆ ಮಾತ್ರ ತಿದ್ದಿದ್ದು ಒಳಗೆ ಹೋಗಬೇಕು. ಅದು ಅವರೇ ಮಾಡಿಕೊಂಡ ಕಟ್ಟಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಕಣ್ಣಿಗೆ ಪೊರೆ ಬೇರೆ. ದೊಡ್ಡ ಅಕ್ಷರ ಹತ್ತಿರ ಹಿಡಿದರೆ ಕಾಣುತ್ತದೆ, ಮಾತ್ರೆಯ ಮೇಲಿನದು ಕಾಣುವುದಿಲ್ಲ.

ಮೊಮ್ಮಗಳು ಜ್ವರ ಬಂದು ಮಲಗಿದ್ದ ವಾರ ಗೆಳತಿ ಪ್ರೋಗ್ರಾಮಿನ ಇಡೀ ಬರಹವನ್ನು ಒಂದೇ ನಮೂನೆಗೆ ತಂದು ಒಳಗೆ ಹಾಕಿದಳು. ಅದಕ್ಕೆಂದೇ ಬೇರೆ ಪ್ರೋಗ್ರಾಮು ಇದೆಯಂತೆ, ಒತ್ತಿದರೆ ಆಯಿತಂತೆ. ಜ್ವರ ಬಿಟ್ಟ ದಿನ ಮೊಮ್ಮಗಳು ನೋಡಿ ಫೋನು ಮಾಡಿದಳು. ಮರುದಿನ ಗೆಳತಿ ಬಸ್ಸು ಹತ್ತಿ ಬಂದಳು. ನಾನು ಇಟ್ಟ ಚಾ ಇಬ್ಬರೂ ಮುಟ್ಟಲಿಲ್ಲ.

“ನನ್ನತ್ರ ಕೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?” ಎಂದಳು ಮೊಮ್ಮಗಳು.

“ಕೇಳಿದ್ರೆ ಬೇಡ ಅಂತೀಯ ಮಾರಾಯ್ತಿ. ಎರಡು ವರ್ಷದಿಂದ ಕೇಳ್ತಾ ಇದ್ದೇನೆ. ಅರ್ಧ ನಿನ್ನ ಹಾಗೆ, ಅರ್ಧ ನನ್ನ ಹಾಗೆ. ಹೊಸಬರು ಬಂದವರು ನೋಡಿ ಓಡಿ ಹೋಗ್ತಾರೆ.”

“ಒಳಗೆ ಹಾಕ್ಲಿಕ್ಕೆ ಅಂತ ನಾನು ಒಂದು ತಿಂಗಳು ಕೂತು ಬರೆದಿಟ್ಟದ್ದು ಈಗ ಎಲ್ಲಿಯೂ ಕೂರುದಿಲ್ಲ. ಸಾಲೇ ಬೇರೆ ಆಗಿದೆ.”

ನಾನು ನಡುವೆ ಬಾಯಿ ಹಾಕಿದೆ. “ಈಗ ಅದು ಬೇರೆ ರೀತಿ ಓದ್ತದಾ?”

“ಇಲ್ಲ ಅಜ್ಜಿ, ಓದುದು ಮೊದಲಿನ ಹಾಗೇ,” ಎಂದಳು ಗೆಳತಿ. “ಎಡಗಡೆ ಎಷ್ಟು ಜಾಗ ಬಿಡುದು, ಬ್ರಾಕೆಟ್ ಮೇಲೆ ಹಾಕುದಾ ಕೆಳಗೆ ಹಾಕುದಾ, ಅಷ್ಟೇ. ಮನೆ ಗುಡಿಸಿದ್ದು ತಪ್ಪಾ, ನೀವೇ ಹೇಳಿ.”

“ಗುಡಿಸಿದ್ದಕ್ಕೆ ಜಗಳ ಮಾಡುವವರನ್ನು ನಾನು ನೋಡ್ಲಿಲ್ಲ,” ಎಂದೆ.

ಮೊಮ್ಮಗಳು ನನ್ನ ಕಡೆ ತಿರುಗಲಿಲ್ಲ. “ಯಾವ ಸಾಲು ಯಾರದ್ದು ಅಂತ ಕಂಪ್ಯೂಟರ್ ತೋರಿಸ್ತದೆ ಅಜ್ಜಿ. ಈಗ ನನ್ನ ಸಾಲಿನ ಎದುರೆಲ್ಲ ಇವಳ ಹೆಸರು ಉಂಟು.”

“ಹಿಂದಿನದ್ದು ತೆಗೆದು ನೋಡಿದ್ರೆ ನಿನ್ನ ಹೆಸರು ಸಿಗ್ತದೆ.”

“ಯಾರು ತೆಗೆದು ನೋಡ್ತಾರೆ?”

ಗೆಳತಿ ಚೀಲ ಹೆಗಲಿಗೆ ಹಾಕಿ ಹೊರಟಳು. ನನಗೆ ನಾದಿನಿಯ ನೆನಪಾಯಿತು.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಇದೇ ಚಾವಡಿಯಲ್ಲಿ ನಾನೂ ಅವಳೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಅವಳು ಬೀಡಿಯ ಬಾಯಿ ಒರಟಾಗಿ ಮಡಚುತ್ತಿದ್ದಳು, ನನ್ನದು ಸಣ್ಣ ಮಡಿಕೆ. ಒಂದೇ ಕಟ್ಟಿನಲ್ಲಿ ಎರಡು ಕೈ ಕಾಣುತ್ತದೆ ಎಂದು, ಒಮ್ಮೆ ಅವಳು ನೀರಿಗೆ ಹೋದಾಗ ಅವಳ ಬೀಡಿಗಳನ್ನು ಬಿಚ್ಚಿ ನಾನೇ ಕಟ್ಟಿಟ್ಟೆ. ಬೀಡಿ ನೋಡಿ ತೆಗೆದುಕೊಳ್ಳುವ ಚೆಕ್ಕರು ಒಂದನ್ನೂ ಎಸೆಯಲಿಲ್ಲ. ಒಳ್ಳೆ ಕೈ ಎಂದ, ನನ್ನನ್ನು ನೋಡಿ. ಮರುದಿನ ನಾದಿನಿ ಮೊರ ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ಹೋಗಿ ಕೂತಳು. ಸಾಯುವವರೆಗೂ ಅಲ್ಲೇ ಕಟ್ಟಿದಳು. ಅವಳಿಗೆ ಸೊಕ್ಕು ಎಂದು ನಾನು ಊರಿಗೆಲ್ಲ ಹೇಳಿದ್ದೇನೆ.

ಇದನ್ನು ಮೊಮ್ಮಗಳಿಗೆ ಹೇಳಿದೆ.

“ನೀವು ಅವರತ್ರ ಹೋಗಿ ತಪ್ಪಾಯ್ತು ಹೇಳಿದ್ರಾ?”

“ಇಲ್ಲ.”

“ಮತ್ತೆ ಈಗ ನನ್ನತ್ರ ಎಂತಕ್ಕೆ ಹೇಳುದು?”

ಅವಳು ಪ್ರೋಗ್ರಾಮಿನ ಹಳೆಯ ಬರಹವನ್ನೇ ವಾಪಸು ಹಾಕಿದಳು. ಗೆಳತಿ ತನ್ನದನ್ನು ಮತ್ತೆ ಹಾಕಿದಳು. ಹೀಗೆ ಮೂರು ಸಲ. ಆಮೇಲೆ ಇಬ್ಬರೂ ಮುಟ್ಟಲಿಲ್ಲ. ಕಳೆದ ತಿಂಗಳು ಮೊಬೈಲು ತಾನಾಗಿ ಅಪ್‌ಡೇಟ್ ಆಯಿತು, ಪ್ರೋಗ್ರಾಮು ತೆರೆಯುವುದು ನಿಂತಿತು. ನಾನೇ ಗೆಳತಿಗೆ ಫೋನು ಮಾಡಿದೆ.

“ಸರಿ ಮಾಡಿ ಇಟ್ಟಿದ್ದೇನೆ ಅಜ್ಜಿ. ಅವಳು ಹೂಂ ಅನ್ನದೆ ಒಳಗೆ ಹಾಕುದಿಲ್ಲ. ಕೇಳದೆ ಹಾಕಿ ಸಾಕಾಯ್ತು.”

ಮೊಮ್ಮಗಳಿಗೆ ಹೇಳಿದೆ. ಕೇಳಿಸಿಕೊಂಡಳು, ಊಟದ ತಟ್ಟೆ ತೊಳೆಯಲು ಎದ್ದಳು. ಹೂಂ ಎನ್ನಲಿಲ್ಲ.

ಮಾತ್ರೆಯ ಸ್ಟ್ರಿಪ್ಪುಗಳಿಗೆ ಈಗ ನೂಲಿನ ಗುರುತು. ಬೆಳಗಿನದಕ್ಕೆ ಒಂದು ಸುತ್ತು, ರಾತ್ರಿಯದಕ್ಕೆ ಎರಡು. ಬೀಡಿಯ ನೂಲು ಮನೆಯಲ್ಲಿ ಇನ್ನೂ ಉಳಿದಿದೆ.