ರಟ್ಟಿನ ಕೀಬೋರ್ಡು

ಹಳೇ ಕಂಪ್ಯೂಟರಿನ ಮಾತು ಬಂದರೆ ನನ್ನ ವಯಸ್ಸಿನ ಪ್ರೋಗ್ರಾಮರುಗಳಿಗೆ ಕಣ್ಣು ಒದ್ದೆಯಾಗುತ್ತದೆ. ಕಪ್ಪು ಪರದೆ, ಹಸಿರು ಅಕ್ಷರ, ಬೂಷ್ಟು ಹಿಡಿದ ಫ್ಲಾಪಿ, ಆಹಾ ಎಂಥಾ ದಿನಗಳು ಅನ್ನುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ಮೂಡಲಗಿಯಿಂದ ದಿನಾ ಬಸ್ಸು ಹತ್ತಿ ಗೋಕಾಕಿಗೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆ. ಕ್ಲಾಸು ನಡೆಸುತ್ತಿದ್ದ ಸರ್ ಬಳಿ ಇದ್ದದ್ದು ಎರಡೇ ಮಶೀನು. ಅವಕ್ಕೆ ಎ.ಸಿ. ಕೋಣೆ, ಧೂಳು ಹೋಗಬಾರದೆಂದು ಚಪ್ಪಲಿ ಹೊರಗೆ. ಚಪ್ಪಲಿಗಳ ಜೊತೆ ಹುಡುಗಿಯರೂ ಹೊರಗೆ. ಹುಡುಗರು ಕೊಟ್ಟಷ್ಟೇ ಫೀ ನಾವೂ ಕೊಟ್ಟಿದ್ದೆವು. ಆದರೂ ನಮ್ಮ ಪಾಲಿಗೆ ಪಡಸಾಲೆಯ ಬೆಂಚು, ರಟ್ಟಿನ ಮೇಲೆ ಪೆನ್ನಿನಿಂದ ಚೌಕ ಚೌಕ ಬರೆದ ಕೀಬೋರ್ಡು.

"ಮಶೀನ್ ಕೆಡತೈತವಾ. ಮೊದಲ ಇದರ ಮ್ಯಾಲ ಕೈ ರೂಢಿ ಆಗಲಿ," ಎನ್ನುತ್ತಿದ್ದರು ಸರ್.

ರೂಢಿಯಾಯಿತು. ಪರೀಕ್ಷೆಯ ದಿನ ಮೊದಲ ಸಲ ಒಳಗೆ ಬಿಟ್ಟರು. ರಟ್ಟಿನ ಮೇಲೆ ಒತ್ತುವಂತೆಯೇ ಬೆರಳೂರಿ ಒತ್ತಿದೆ. ಒತ್ತಿದ ಕೂಡಲೇ ಎತ್ತಬೇಕೆಂದು ಯಾರು ಹೇಳಿದ್ದರು? ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿ ಓಡಿತು, ಮಶೀನು ಕೀಂ ಕೀಂ ಎಂದು ಅರಚತೊಡಗಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಸರ್ ಹುಡುಗರಿಗಿಂತ ಜೋರಾಗಿ ನಕ್ಕರು.

"ನೋಡ್ರಪಾ, ರೊಟ್ಟಿ ಬಡಿಯೂ ಕೈ ಇದು! ಅದಕ್ಕ ಇವರನ್ನ ಹೊರಗ ಕುಂಡ್ರಸೂದು," ಎಂದರು.

ಫೇಲಾದೆ. ಬಸ್ಸಿನಲ್ಲಿ ಅಳಲಿಲ್ಲ. ಇವರ ನಗು ಇವರ ಗಂಟಲಲ್ಲೇ ಸಿಕ್ಕಿಕೊಳ್ಳುವಂತೆ ಮಾಡುತ್ತೇನೆ ಎಂದುಕೊಂಡೆ. ವರ್ಷಗಳು ಹೋದವು, ಸಿಟ್ಟು ಹೋಗಲಿಲ್ಲ.

ಬೆಳಗಾವಿಯಲ್ಲಿ ಕಲಿತು ಹುಕ್ಕೇರಿಯ ಹಾಲಿನ ಸಂಘವೊಂದರಲ್ಲಿ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳ್ಳಿಯ ಹಾಲು ಕೇಂದ್ರಗಳಿಗೆಲ್ಲ ಲೆಕ್ಕ ಇಡುವ ಹೊಸ ಡೇಟಾಬೇಸ್ ಆರಿಸುವ ಹೊಣೆ ನನಗೇ ಬಂತು. ತಮ್ಮ ಪ್ರೋಗ್ರಾಂ ತೋರಿಸಲು ಬಂದವರು ಇಬ್ಬರು: ಸಂಕೇಶ್ವರದ ಒಬ್ಬ ತರುಣ, ಮತ್ತು ಅದೇ ಸರ್.

ಅವರಿಗೆ ನನ್ನ ಗುರುತು ಸಿಗಲಿಲ್ಲ. ಮೇಡಮ್ಮರ ಮೇಡಮ್ಮರ ಎಂದು ಬಾಯ್ತುಂಬ ಕರೆದರು. ಅವರ ಡೇಟಾಬೇಸ್ ಆ ಕಪ್ಪು ಪರದೆಯ ಡಾಸ್ ಕಾಲದ್ದು, ಮೇಲೆ ಬಣ್ಣ ಬಳಿದಿದ್ದರು. ಜೊತೆಗೆ ಒಂದು ದೊಡ್ಡ ರಟ್ಟಿನ ಡಬ್ಬದಲ್ಲಿ, ಕರೆಂಟು ಹೋದರೂ ಮಶೀನು ನಿಲ್ಲದಂತೆ ಕಾಯುವ ತಮ್ಮದೇ ಯುಪಿಎಸ್ ಹೊತ್ತು ತಂದಿದ್ದರು. ಯಾಕೆಂದು ನನಗೆ ಕೂಡಲೇ ತಿಳಿಯಿತು. ಆ ಹಳೇ ಡೇಟಾಬೇಸು ಬರೆಯುತ್ತಿರುವಾಗ ಕರೆಂಟು ಹೋದರೆ ಎಲ್ಲ ಕಲಸಿಹೋಗುತ್ತಿತ್ತು. ನನಗೆ ಖುಷಿಯಾಯಿತು. ಬಹಳ ಖುಷಿಯಾಯಿತು.

"ಯುಪಿಎಸ್ ತಗೀರಿ ಸರ್. ನಮ್ಮ ಕೇಂದ್ರದಾಗ ಅದು ಇಲ್ಲ," ಎಂದೆ.

ಇಬ್ಬರಿಗೂ ಒಂದೇ ಪರೀಕ್ಷೆ, ಮೋಸವಿಲ್ಲ. ಹಾಲಿನ ಅಳತೆ ತುಂಬಿಸುತ್ತಿರುವಾಗ ನಾನೇ ಪ್ಲಗ್ಗು ಕಿತ್ತೆ. ಮತ್ತೆ ಚಾಲೂ ಮಾಡಿದಾಗ ತರುಣನದ್ದು ಕೊನೆಯ ಅಳತೆಯೊಂದನ್ನು ಬಿಟ್ಟು ಎಲ್ಲ ನೆಟ್ಟಗಿತ್ತು. ಸರ್ ಅವರದ್ದು ತೆರೆದರೆ ಯಮಕನಮರಡಿಯ ಹಾಲೆಲ್ಲ ಬೇರೆ ಊರಿನವರ ಹೆಸರಿಗೆ ಹತ್ತಿತ್ತು. ನೋಡುತ್ತ ಕೂತಿದ್ದ ಸಂಘದ ಅಧ್ಯಕ್ಷರು ನಕ್ಕುಬಿಟ್ಟರು. ನಾನು ನಗಲಿಲ್ಲ, ನನ್ನದಿನ್ನೂ ಬಾಕಿ ಇತ್ತು.

ತೀರ್ಮಾನ ಆಗುವವರೆಗೆ ಹೊರಗೆ ಕೂರಲು ಸರ್ ಅವರಿಗೆ ಹೇಳಿದೆ. ನಮ್ಮ ಕೋಣೆಯಲ್ಲೂ ಚಪ್ಪಲಿ ಹೊರಗೇ ಬಿಡುವುದು. ಆ ರಾಶಿಯ ಬಾಜೂ ಬೆಂಚಿನ ಮೇಲೆ ಸರ್ ಕೂತರು. ತೀರ್ಮಾನ ಕೂಡಲೇ ಆಯಿತು, ತರುಣನೇ ಗೆದ್ದ. ನಾನು ಚಹಾ ಕುಡಿದೆ. ಇನ್ನೊಂದು ಚಹಾ ತರಿಸಿ ಅದನ್ನೂ ನಿಧಾನಕ್ಕೆ ಕುಡಿದು ಹೊರಗೆ ಹೋದೆ.

ಸರ್ ಎದ್ದು ನಿಂತರು. "ಮೇಡಮ್ಮರ, ಇನ್ನೊಂದ್ ಸಲ ಮಶೀನ್ ಮುಂದ ಕುಂಡ್ರಾಕ ಬಿಡ್ರಿ. ಎಲ್ಲಾ ಸರಿ ಮಾಡತೇನಿ."

ಅವರದೇ ಯುಪಿಎಸ್ ಡಬ್ಬದಿಂದ ಒಂದು ರಟ್ಟು ಹರಿದು ಅವರ ಕೈಗಿಟ್ಟೆ.

"ಮಶೀನ್ ಕೆಡತೈತ್ರಿ ಸರ್. ಮೊದಲ ಇದರ ಮ್ಯಾಲ ಕೈ ರೂಢಿ ಆಗಲಿ."

ಅವರು ರಟ್ಟು ನೋಡಿದರು, ಚಪ್ಪಲಿಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನೀ... ಆ ಮೂಡಲಗಿ ಹುಡಿಗಿ ಅಲ್ಲ?"

"ಹೌದ್ರಿ. ಚಪ್ಪಲಿ ಹಾಕ್ಕೋರಿ, ಗೋಕಾಕ ಬಸ್ ಹೋಗತೈತಿ," ಎಂದು ಬಾಗಿಲು ಹಾಕಿಕೊಂಡೆ.