ಹತ್ತನೇ ಒಂದು ಪಾಲು

ಸೊನ್ನೆ ಬಿಂದು ಒಂದು ಎಂಬ ಪುಟಾಣಿ ಸಂಖ್ಯೆ ನನ್ನನ್ನು ಒಂದು ವಾರ ಪೂರ್ತಿ ಅಳಿಸಿತು. ಎಪ್ಪತ್ತರ ದಶಕದ ಮಾತು. ಸೇಲಂನ ಒಂದು ಕಾಲೇಜಿಗೆ ಕಂಪ್ಯೂಟರ್ ಬಂದಿತ್ತು. ಬೀರುವಿನಷ್ಟು ಎತ್ತರ, ಪಕ್ಕದಲ್ಲಿ ಗಡಗಡ ಸದ್ದು ಮಾಡುವ ಟೆಲಿಪ್ರಿಂಟರ್. ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದವಳು. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದೇನೆಂದು ವಿಭಾಗದ ಮುಖ್ಯಸ್ಥರು ಮೂರು ತಿಂಗಳ ಮಟ್ಟಿಗೆ ಯಂತ್ರದ ಕೋಣೆಗೆ ಕರೆದುಕೊಂಡಿದ್ದರು. ಕೆಲಸ ಒಪ್ಪಿಗೆಯಾದರೆ ಅಲ್ಲೇ ಇರಬಹುದು, ಇಲ್ಲವಾದರೆ ಮತ್ತೆ ಟೈಪಿಂಗ್. ನನಗೆ ಆ ಕೋಣೆ ಎಷ್ಟು ಹಿಡಿಸಿತ್ತೆಂದರೆ ಭಾನುವಾರ ಬಂದರೆ ಬೇಸರವಾಗುತ್ತಿತ್ತು.

ಆ ಯಂತ್ರಕ್ಕೆ ಪೂರ್ಣ ಸಂಖ್ಯೆ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಟೈಪ್ ಮಾಡಿದ ದಶಾಂಶವನ್ನು ಅದರ ಸೊನ್ನೆ-ಒಂದುಗಳಿಗೆ ತಿರುಗಿಸುವ ಪ್ರೋಗ್ರಾಂ ಒಂದು, ಅವನ್ನು ಮತ್ತೆ ನಮ್ಮ ದಶಾಂಶಕ್ಕೆ ತಂದು ಅಚ್ಚು ಹಾಕುವ ಪ್ರೋಗ್ರಾಂ ಇನ್ನೊಂದು. ಎರಡನ್ನೂ ನಾನೇ ಬರೆಯಬೇಕಿತ್ತು. ಬರೆದೆ. ಅರ್ಧ ಹಾಕಿದೆ, ಅರ್ಧವೇ ಬಂತು. ಕಾಲು ಹಾಕಿದೆ, ಕಾಲೇ ಬಂತು. ನನ್ನಂಥವಳು ಯಾರಿದ್ದಾರೆ ಎಂದು ಬೀಗಿದೆ. ಆಮೇಲೆ 0.1 ಹಾಕಿದೆ. 0.09999 ಬಂತು.

ಮುಖ್ಯಸ್ಥರು ಕಾಗದ ನೋಡಿ, “ಹಾಕಿದ್ದು ಹಾಗೇ ಹೊರಗೆ ಬರಬೇಕಮ್ಮಾ. ಸೋಮವಾರ ನೋಡುತ್ತೇನೆ” ಎಂದು ತಮಿಳಿನಲ್ಲಿ ಹೇಳಿ ಹೋದರು.

ತಪ್ಪು ನನ್ನದೇ ಎಂದುಕೊಂಡು ಪ್ರತಿ ಸಾಲನ್ನೂ ಹತ್ತಾರು ಸಲ ಓದಿದೆ. ಪ್ರೋಗ್ರಾಮನ್ನು ತೂತುಗಳಾಗಿ ಕೊರೆದ ಕಾಗದದ ಟೇಪನ್ನು ಬೆಳಕಿಗೆ ಹಿಡಿದು ಎಣಿಸಿದೆ. ತಾಳ್ಮೆ ನನಗೆ ಮೊದಲೇ ಕಡಿಮೆ. ಶುಕ್ರವಾರ ಟೇಪನ್ನು ಮುದುರಿ ಮೂಲೆಗೆಸೆದು, ಯಾರಾದರೂ ನೋಡುವ ಮೊದಲೇ ಹೋಗಿ ಎತ್ತಿಕೊಂಡೆ.

ಶನಿವಾರ ನಂಗವಳ್ಳಿ ಬಸ್ಸು ಹತ್ತಿ ಊರಿಗೆ ಹೋದೆ. ನಮ್ಮದು ಕುರಿ ಸಾಕುವ ಕನ್ನಡದ ಮನೆ, ಅಂದು ಉಣ್ಣೆ ಕತ್ತರಿಸುವ ದಿನ. ನಮ್ಮಲ್ಲಿ ಅದಕ್ಕೆ ಕೂಲಿಯಿಲ್ಲ. ಹತ್ತು ಮನೆಯವರು ಬಂದು ಕತ್ತರಿ ಹಿಡಿಯುತ್ತಾರೆ, ಸಂಜೆ ಒಂದು ರಾಶಿ ಸಾಮೆ ಹತ್ತು ಸಮಪಾಲಾಗಿ ಅವರ ಮನೆಗಳಿಗೆ ಹೋಗುತ್ತದೆ. ಪಾಲು ಹಾಕುವವಳು ಅಜ್ಜಿ. ಅವಳ ಹತ್ತಿರ ಇದ್ದದ್ದು ಸೇರು, ಅದರರ್ಧದ ಅರೆಸೇರು, ಅದರರ್ಧದ ಪಾವು, ಅದರರ್ಧದ ಅರೆಪಾವು, ಅಷ್ಟೇ.

ಆ ದಿನ ರಾಶಿಯಲ್ಲಿ ಹನ್ನೆರಡು ಸೇರು ಇತ್ತು. ಅಜ್ಜಿ ಮನೆಗೊಂದು ಸೇರು ಹಾಕಿದಳು. ಉಳಿದ ಎರಡು ಸೇರು ಮನೆಗೊಂದು ಪಾವಿಗೆ ಸಾಲದೆ ಅರೆಪಾವು ಹಾಕಿದಳು. ಅದಾದ ಮೇಲೂ ಆರು ಅರೆಪಾವು ಮಿಕ್ಕಿತು.

“ಒಳಕ್ಕೋಗಿ ನಮ್ಮ ಮಡಕೆಯಿಂದ ನಾಕು ಅರೆಪಾವು ತಕ್ಕೊಂಡ್ ಬಾರಮ್ಮಿ” ಎಂದಳು. “ಮಿಕ್ಕಿದ್ದು ಅರ್ಧ ಜನಕ್ಕಿಂತ ಜಾಸ್ತಿ ಆಗಂಗಿದ್ರೆ ನಾವು ತುಂಬ್ಸಿ ಕೊಡ್ಬೇಕು. ಕಮ್ಮಿ ಇದ್ರೆ ಮಡಕೆಗೆ ಸುರ್ಕೋಬೇಕು. ನಮ್ಮತ್ತೆ ಕಾಲದಿಂದ ಇಂಗೇ.”

“ಇನ್ನೂ ಚಿಕ್ಕ ಪಾವು ಇದ್ರೆ ಸರ್ಯಾಗೇ ಅಂಚಬೋದಲ್ಲಜ್ಜಿ?”

“ಅದ್ರಾಗೂ ಮಿಗ್ತೈತೆ. ಅದ್ರರ್ಧ ಮಾಡಿದ್ರೆ ಅದ್ರಾಗೂ ಮಿಗ್ತೈತೆ. ಎಲ್ಲೀಗಂಟ ಅಳೀತಾ ಕುಂತಿರ್ತೀಯ? ಬಿರ್ನೆ ಓಗು.”

ಮಡಕೆಯ ಮುಂದೆ ಬೆಪ್ಪಾಗಿ ನಿಂತೆ. ಯಂತ್ರದೊಳಗೂ ನನ್ನ ಪ್ರೋಗ್ರಾಂ ಇಟ್ಟ ಬಿಂದುವಿನ ಬಲಕ್ಕೆ ಇರುವುದು ಅರ್ಧ, ಅದರರ್ಧ, ಮತ್ತೆ ಅದರರ್ಧ. ಹತ್ತನೇ ಒಂದು ಪಾಲನ್ನು ಅವುಗಳಲ್ಲಿ ಎಷ್ಟು ಅಳೆದರೂ ಮುಗಿಯುವುದೇ ಇಲ್ಲ! ಜಾಗ ಮುಗಿದಲ್ಲಿ ಚೂರು ಕಡಿಮೆ ಬೀಳಲೇಬೇಕು. ನಾನು ಮಾಡಿದ ದಡ್ಡತನವೆಂದರೆ ಅಚ್ಚು ಹಾಕುವಾಗಲೂ ಮಿಕ್ಕಿದ್ದನ್ನೆಲ್ಲ ಬಿಸಾಡಿದ್ದು. ಕೊನೆಯ ಅಂಕಿಯ ಆಚೆ ಅರ್ಧಕ್ಕಿಂತ ಹೆಚ್ಚು ಮಿಕ್ಕಿದರೆ ಆ ಅಂಕಿಯನ್ನು ತುಂಬಿಸಿಕೊಡಬೇಕಿತ್ತು. ಖುಷಿಗೆ ನಾಲ್ಕರ ಬದಲು ಐದು ಅರೆಪಾವು ಅಳೆದು ತಂದು ಬೈಸಿಕೊಂಡೆ.

ಸೋಮವಾರ ಬೆಳಿಗ್ಗೆ ಕೆಲವೇ ಸಾಲು ಸೇರಿಸಿದೆ. 0.1 ಹಾಕಿದರೆ 0.10000 ಬಂತು. ಮುಖ್ಯಸ್ಥರು ನಿಂತುಕೊಂಡೇ ಇನ್ನೂ ಏಳೆಂಟು ಸಂಖ್ಯೆ ಹಾಕಿ ನೋಡಿದರು. ಎಲ್ಲವೂ ಹಾಗೇ ಬಂದವು. ಕಾಗದ ಹರಿದುಕೊಳ್ಳುತ್ತಾ, “ಉಳ್ಳೆಯುಂ ಸರಿಯಾ ಇರುಕ್ಕಾ?” ಎಂದರು. ಒಳಗೂ ಸರಿಯಾಗಿದೆಯಾ ಎಂದು.

ಹೂಂ ಅಂದಿದ್ದರೆ ಸಾಕಿತ್ತು, ಕೋಣೆ ನನ್ನದಾಗುತ್ತಿತ್ತು. ಅಂದುಬಿಡು ಎಂದು ಒಂದು ಕ್ಷಣ ಹಾಳಾದ ಆಸೆ ನನ್ನನ್ನು ಎಳೆದದ್ದೂ ನಿಜ.

“ಇಲ್ಲ ಸಾರ್. ಕಾಗದದ ಮೇಲೆ ಸರಿ. ಒಳಗೆ ಇನ್ನೂ ಚೂರು ಕಡಿಮೆಯೇ ಇದೆ. ಅದನ್ನೇ ಹತ್ತು ಸಲ ಕೂಡಿಸಿ, ಒಂದಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಅನ್ನುತ್ತದೆ. ಎಷ್ಟು ಜಾಗ ಕೊಟ್ಟರೂ ಅದು ಪೂರ್ತಿ ಹತ್ತನೇ ಒಂದು ಆಗುವುದಿಲ್ಲ.”

ಅವರು ನನ್ನಿಂದಲೇ ಹತ್ತು ಸಲ ಕೂಡಿಸಿ ನೋಡಿಸಿದರು. ಯಂತ್ರ ಸಮವಲ್ಲ ಎಂದೇ ಹೇಳಿತು. ನಾಳೆ ಟೈಪಿಂಗಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನಾನು ಎದ್ದು ನಿಂತೆ.

“ಉಕ್ಕಾರು” ಎಂದು ಕುರ್ಚಿ ತೋರಿಸಿ ಕೂರಿಸಿದರು. “ಸರಿಯಾಗಿದೆ ಅಂದಿದ್ದರೆ ಇವತ್ತೇ ಟೈಪಿಂಗಿಗೆ ಕಳಿಸುತ್ತಿದ್ದೆ. ನಾಳೆಯಿಂದ ವರ್ಗಮೂಲದ ಪ್ರೋಗ್ರಾಂ ಶುರು ಮಾಡು.”

ಅವರು ಬಾಗಿಲು ದಾಟಿದರು. ನಾನು ಆಗಲೇ ಹೊಸ ಹಾಳೆ ಎಳೆದುಕೊಂಡೆ. ನಾಳೆಯವರೆಗೆ ಕಾಯುವ ತಾಳ್ಮೆ ನನಗೆಲ್ಲಿತ್ತು?