ಗುಡ್ಡ ಸವರುವವರ ಕೂಗು

ಲಂಟಾನದ ಪೊದೆಯ ಬುಡದಲ್ಲಿ ಕೊಳಕುಮಂಡಲ ಹಾವು ಸುತ್ತಿಕೊಂಡು ಮಲಗಿರಬಹುದಿತ್ತು. ಸವರುವ ಮೆಷಿನ್ನಿನ ಬ್ಲೇಡು ಕಲ್ಲಿಗೆ ತಾಗಿ, ಚೂರು ಹಾರಿ ಕಣ್ಣಿಗೆ ಬೀಳಬಹುದಿತ್ತು. ಹಂದಿಗೆಂದು ಯಾರೋ ಒಡ್ಡಿ ಮರೆತುಹೋದ ಉರುಳಿಗೆ ಕಾಲು ಸಿಕ್ಕಿಕೊಳ್ಳಬಹುದಿತ್ತು. ಪೊದೆ ಮುಚ್ಚಿದ ಹಾಳುಬಾವಿ ಇರಬಹುದಿತ್ತು. ಕಡಜದ ಗೂಡಿಗೆ ಮೆಷಿನ್ ತಾಗಿದರೆ ಅಂಥ ಇಳಿಜಾರಿನಲ್ಲಿ ಓಡುವುದಕ್ಕೂ ಆಗುವುದಿಲ್ಲ, ಉರುಳುವುದೊಂದೇ ದಾರಿ. ಪೆಟ್ರೋಲು ಚೆಲ್ಲಿ, ಕಾದ ಸೈಲೆನ್ಸರಿಗೆ ತಾಗಿ, ಒಣಹುಲ್ಲು ಹತ್ತಿಕೊಂಡು ಗುಡ್ಡವೇ ಉರಿದುಹೋಗಬಹುದಿತ್ತು. ಹಿಂದಿನ ರಾತ್ರಿ ಊರಿನವರ ಬಾಳೆ ತಿಂದ ಆನೆ ನಾವು ಸವರುವ ಪೊದೆಯ ಹಿಂದೆಯೇ ಬಿಸಿಲು ತಪ್ಪಿಸಿಕೊಂಡು ನಿಂತಿರಬಹುದಿತ್ತು. ಬೆರಳುಗಾತ್ರದ ಶ್ರೀಗಂಧದ ಸಸಿಯೊಂದನ್ನು ಕಳೆಯೆಂದು ಸವರಿಹಾಕಿ, ಫಾರೆಸ್ಟಿನವರು ಬಂದು, ನಾನು ಜೀಪಿನಲ್ಲಿ ಕೂತು ಅರಸೀಕೆರೆ ದಾಟುವಾಗ ಗುರುತಿನವರು ಯಾರಾದರೂ ನೋಡಬಹುದಿತ್ತು. ಇನ್ನು ಹಳೇಬೀಡಿನ ಸುತ್ತಮುತ್ತ ಕೆಲಸ ಮಾಡುವವನಿಗೆ ಬೇರೆಯವರಿಗಿಲ್ಲದ ಭಯ ಒಂದುಂಟು: ಪೊದೆಯೊಳಗಿನ ಕಲ್ಲುಗಳಲ್ಲಿ ಯಾವುದು ಬರೀ ಕಲ್ಲು, ಯಾವುದು ವೀರಗಲ್ಲು ಎನ್ನುವುದು ಬ್ಲೇಡಿಗೆ ತಿಳಿಯುವುದಿಲ್ಲ. ಐನೂರು ವರ್ಷ ನೆಟ್ಟಗಿದ್ದ ವೀರನ ಮೂಗನ್ನು ನಾನು ಹಾರಿಸಿದೆ ಎಂದು ಪೇಪರಿನಲ್ಲಿ ಬರುವುದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಫೋಟೋ ಸಮೇತ.

ಇಷ್ಟನ್ನೂ ನಾನು ಬೆಳಿಗ್ಗೆ ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸುತ್ತೇನೆ. ಐವತ್ತು ದಾಟಿದ ಮೇಲೆ ಬೇರೆಯವರಿಗೆ ಸಕ್ಕರೆ, ಬಿಪಿ ಬಂದ ಹಾಗೆ ನನಗೆ ಇದು ಬಂದದ್ದಲ್ಲ, ಹುಟ್ಟಿನಿಂದಲೇ ಇತ್ತು. ಇಂಥವನು ಗುಡ್ಡ ಸವರುವ ಕಸುಬಿಗೆ ಯಾಕೆ ಬಿದ್ದ ಎಂದು ಕೇಳಿದರೆ ಗುಡ್ಡದ ಕಡೆ ಕೈ ತೋರಿಸುತ್ತೇನೆ. ಟ್ರ್ಯಾಕ್ಟರ್ ಹತ್ತದ, ಜೆಸಿಬಿ ಹತ್ತಿದರೆ ಮೊದಲ ಮಳೆಗೇ ಮಣ್ಣೆಲ್ಲ ಜಾರಿ ಬರುವ ಕಡಿದಾದ ಜಾಗಗಳು ಬೇಲೂರಿನಿಂದ ಆಚೆಗೆ ಬೇಕಾದಷ್ಟಿವೆ. ಕೊಂಡವರು ದೂರದಲ್ಲಿರುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಲಂಟಾನ ಆಳೆತ್ತರ ಬೆಳೆದು, ತಮ್ಮ ಜಾಗ ಎಲ್ಲಿದೆ ಎನ್ನುವುದೇ ಅವರಿಗೆ ಗೊತ್ತಾಗದಂತೆ ಆಗುತ್ತದೆ. ಆಗ ನಮಗೆ ಫೋನು ಬರುತ್ತದೆ.

ನಮಗೆ ಎಂದರೆ ನನಗೆ ಮತ್ತು ಭಾವನಿಗೆ. ಭಾವ ಎಂದರೆ ನನ್ನ ಅಕ್ಕನ ಗಂಡ; ನನಗಿಂತ ಆರು ವರ್ಷ ದೊಡ್ಡವರು. ಹೆಗಲಿಗೆ ನೇತುಹಾಕಿಕೊಳ್ಳುವ ಸವರುವ ಮೆಷಿನ್ ನಮ್ಮಿಬ್ಬರ ಹತ್ತಿರವೂ ಒಂದೊಂದು ಇದೆ. ಸವರಿದ್ದನ್ನು ಎಳೆದು ರಾಶಿ ಹಾಕಲು ಗೆಂಡೆಹಳ್ಳಿಯ ಕಡೆಯಿಂದ ಇಬ್ಬರು ಹೆಂಗಸರು ಬರುತ್ತಾರೆ. ಮೆಷಿನ್ ಇಬ್ಬರ ಬಳಿ ಇದ್ದರೂ ನಿಜವಾದ ಕೆಲಸಗಾರರು ಒಬ್ಬರೇ. ಎಡಗಾಲನ್ನು ಇಳಿಜಾರಿಗೆ ಅಡ್ಡ ಊರಿ, ಸೊಂಟದಿಂದ ಮೆಷಿನ್ ಬೀಸುತ್ತ ಭಾವ ಸವರುತ್ತ ಹೋದರೆ ಕಡಿದದ್ದೆಲ್ಲ ತಾನಾಗಿ ಕೆಳಮಗ್ಗುಲಿಗೆ ಬೀಳುತ್ತಿತ್ತು. ನಡುವೆ ಸಿಲ್ವರ್ ಓಕ್ ಸಸಿ ಸಿಕ್ಕರೆ, ಕ್ಷೌರದವನು ಕಿವಿಯ ಹಿಂದೆ ಕತ್ತಿ ಆಡಿಸುವ ಹಾಗೆ ಸುತ್ತಲೂ ಸವರಿ ಸಸಿಯನ್ನು ನಿಲ್ಲಿಸಿ ಮುಂದೆ ಹೋಗುತ್ತಿದ್ದರು. ಅವರಿಗೆ ತುಂಡು ಜಮೀನಿದೆ, ರಾಗಿ ಬೆಳೆಯುತ್ತಾರೆ. ಆದರೆ ರಾಗಿಹೊಲದಲ್ಲಿ ಅವರು ಎಲ್ಲರಂತೆ ಒಬ್ಬ ರೈತ. ಗುಡ್ಡದ ಮೇಲೆ ಮಾತ್ರ ಅವರನ್ನು ಜನ ನಿಂತು ನೋಡುತ್ತಿದ್ದರು.

ನಾನು ಏನು ಮಾಡುತ್ತಿದ್ದೆನೆಂದರೆ, ಒಂದು ಗಳಿಗೆ ಸವರಿ, ಮೆಷಿನ್ ಆಫ್ ಮಾಡಿ, ಕಿವಿಗೊಟ್ಟು ಕೇಳುತ್ತಿದ್ದೆ. ಕಲ್ಲು ಉರುಳಿತೇ? ಕೊಂಬೆ ಮುರಿಯಿತೇ? ಗಾಬರಿ ಬೀಳುವವನಿಗೆ ಮೆಷಿನ್ ಓಡಿಸಲು ಪುರುಸೊತ್ತೆಲ್ಲಿ.

ಶುರುವಿನಲ್ಲೇ ಒಂದು ಕಾನೂನು ಮಾಡಿದ್ದವನೂ ನಾನೇ. ಇಳಿಜಾರಿನಲ್ಲಿ ಒಬ್ಬರ ನೇರ ಮೇಲೆ ಇನ್ನೊಬ್ಬರು ಸವರಬಾರದು. ಗುಡ್ಡಕ್ಕೆ ಅಡ್ಡಲಾಗಿ ಒಂದೊಂದು ಪಟ್ಟಿ ಸವರಿ ಮುಗಿದಾಗಲೂ ಮೆಷಿನ್ ಆರಿಸಿ ‘ಕೂ’ ಎನ್ನಬೇಕು, ಇನ್ನೊಬ್ಬರು ಓಗೊಡಬೇಕು. ಮೂರು ಸಲ ಕೂಗಿದರೂ ಓಗೊಡದಿದ್ದರೆ ಎಲ್ಲ ಬಿಟ್ಟು ಹೋಗಿ ನೋಡಬೇಕು. ಓಗೊಡಲಾಗದವರು ಗುಡ್ಡ ಹತ್ತಬಾರದು. ಈ ಕೊನೆಯ ಮಾತನ್ನು ನಾನು ಕೆಲಸ ಕೇಳಿಕೊಂಡು ಬಂದವರಿಗೆಲ್ಲ ಹೇಳಿದ್ದೇನೆ. ಕುಡಿದು ಬಂದವರನ್ನು ಈ ಕಾನೂನಿನ ಮೇಲೆಯೇ ವಾಪಸು ಕಳಿಸಿದ್ದೇನೆ. ಆಗೆಲ್ಲ ಭಾವ ಪಕ್ಕದಲ್ಲೇ ನಿಂತು, “ಹೌದು ಕಣ್ಲಾ, ಹಂಗೇ ಇರಬೇಕು” ಎನ್ನುತ್ತಿದ್ದರು.

ಈಗ ಹೇಳಹೊರಟದ್ದು ಕಳೆದ ಮಳೆಗಾಲ ಮುಗಿದ ಮೇಲೆ ಗೆಂಡೆಹಳ್ಳಿಯ ಆಚೆ ಹಿಡಿದ ಐದು ದಿನದ ಕೆಲಸದ ಸಂಗತಿ. ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯ ಯಜಮಾನರೊಬ್ಬರ ಜಾಗ. ಕೆಳಗೆ ತೊರೆ, ಮೇಲೆ ಬಂಡೆ, ನಡುವೆ ನಿಂತರೆ ಹಣೆಗೆ ಗುಡ್ಡ ತಾಗುವಷ್ಟು ಕಡಿದು. ಹೊರಡುವ ಹಿಂದಿನ ಸಂಜೆ ಅಕ್ಕ ಫೋನು ಮಾಡಿದ್ದಳು.

“ನಿಮ್ಮ ಭಾವಂಗೆ ಏನಾಗೈತೋ ಕಾಣೆ ಕಣೋ. ಅಡಿಗೆಮನೆಯಿಂದ ಹತ್ತು ಸಲ ಕರದ್ರೂ ಮಾತಿಲ್ಲ, ಕತೆಯಿಲ್ಲ.”

“ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲಕ್ಕಾ, ಇನ್ಯಾವ ಗಂಡಸಿಗೆ ಕೇಳಿಸ್ತದೆ?” ಎಂದೆ.

ಅಕ್ಕ ನಗಲಿಲ್ಲ. ನಾನು ನಕ್ಕೆ. ಆಮೇಲೆ ಬ್ಲೇಡುಗಳನ್ನು ಎಣಿಸಿ, ಹಾವಿನ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂದು ಫೋನು ಮಾಡಿ ವಿಚಾರಿಸಿ, ಸಮಾಧಾನವಾಗಿ ಮಲಗಿದೆ.

ಮೊದಲ ಎರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು. ನಾನು ಮೆಷಿನ್ ಆರಿಸುವುದೇ ತಡ, ಆ ಕಡೆಯಿಂದ ಭಾವನ ‘ಕೂ’ ಬರುತ್ತಿತ್ತು. ನಾನು ಕೂಗುವ ಮೊದಲೇ. ಅದು ಅವರ ಹುಷಾರಿತನ ಎಂದು ಎಷ್ಟೋ ದಿನದಿಂದ ಮೆಚ್ಚಿಕೊಂಡಿದ್ದೆ.

ಮೂರನೆಯ ದಿನ ಮಧ್ಯಾಹ್ನ ನಾನು ಸವರುತ್ತಿದ್ದ ಪಟ್ಟಿ ಒಂದು ದಪ್ಪ ಮತ್ತಿಮರದ ಹಿಂದಕ್ಕೆ ಹೋಯಿತು. ಪಟ್ಟಿ ಮುಗಿಸಿ ಮೆಷಿನ್ ಆರಿಸಿದೆ. ಭಾವನ ಮೆಷಿನ್ ಕೂಡ ನಿಂತಿತ್ತು. ಪೆಟ್ರೋಲು ತುಂಬುತ್ತಿರಬೇಕು ಎಂದುಕೊಂಡೆ. ಗುಡ್ಡವೆಲ್ಲ ಸದ್ದಿಲ್ಲದೆ ಇತ್ತು. ‘ಕೂ’ ಎಂದೆ. ಭಾವ ಓಗೊಡಲಿಲ್ಲ. ಇನ್ನೊಂದು ಸಲ ಕೂಗಿದೆ. ಕೆಳಗೆ ಸೊಪ್ಪು ಎಳೆಯುತ್ತಿದ್ದ ಇಬ್ಬರು ಹೆಂಗಸರೂ ತಲೆ ಎತ್ತಿ ನೋಡಿದರು. ಮೂರನೆಯ ಸಲ ಗಂಟಲು ಕಿತ್ತುಹೋಗುವ ಹಾಗೆ ಕೂಗಿ, ಮರದ ಈಚೆ ಬಂದೆ. ಭಾವ ಡಬ್ಬದ ಮುಚ್ಚಳ ತಿರುಗಿಸುತ್ತ ಕೂತಿದ್ದರು. ನನ್ನನ್ನು ಕಂಡರು. ಕಂಡ ಕೂಡಲೇ ಕತ್ತೆತ್ತಿ, ಏನೂ ಆಗದವರ ಹಾಗೆ, “ಕೂ!” ಎಂದರು.

ನಾನು ಮತ್ತೆ ಮರದ ಹಿಂದಕ್ಕೆ ಹೋಗಿ ಕೂಗಿದೆ. ಇಲ್ಲ. ಈಚೆಗೆ ಬಂದು ಬಾಯಿ ತೆರೆಯದೆ ನಿಂತೆ. ಭಾವ ಕಂಡರು. “ಕೂ!”

ಅಷ್ಟು ದಿನ ಅವರು ಓಗೊಡುತ್ತಿದ್ದದ್ದು ನನ್ನ ಕೂಗಿಗಲ್ಲ, ನನ್ನ ಆಕಾರಕ್ಕೆ. ನಾನು ಮೆಷಿನ್ ಕೆಳಗಿಳಿಸುವುದನ್ನು, ಟೋಪಿ ತೆಗೆದು ತಲೆ ಒರೆಸಿಕೊಳ್ಳುವುದನ್ನು ಓರೆಗಣ್ಣಿನಿಂದ ಕಾಯುತ್ತಿದ್ದು, ನಾನು ಉಸಿರು ಎಳೆದುಕೊಳ್ಳುವುದರೊಳಗೆ ಕೂಗಿಬಿಡುತ್ತಿದ್ದರು. ಕಡಿದಾದ ಗುಡ್ಡದಲ್ಲಿ, ತಿರುಗುವ ಬ್ಲೇಡು ಹಿಡಿದುಕೊಂಡು, ಕಾಲಡಿ ನೋಡಬೇಕಾದ ಕಣ್ಣನ್ನು ನನ್ನ ಮೇಲಿಟ್ಟುಕೊಂಡು.

ಊಟದ ಹೊತ್ತಿಗೆ ಹೆಂಗಸರಲ್ಲಿ ಹಿರಿಯಳು ನನ್ನ ಹತ್ತಿರ ಬಂದು ಕೂತಳು.

“ಮರದ ಹಿಂದೆ ಕಣ್ಣಾಮುಚ್ಚಾಲೆ ಆಡ್ತಿದ್ರಲ್ಲ. ಈಗ ಗೊತ್ತಾಯ್ತಾ ನಿಮಗೆ?”

“ಏನು?”

“ಅಯ್ಯೋ, ಬಿಡ್ರಣ್ಣ. ನಿಮ್ಮ ಭಾವಂಗೆ ಕಿವಿ ಕೇಳಿಸಲ್ಲ ಅಂತ ನಮಗೆ ಹೋದ ವರ್ಷನೇ ಗೊತ್ತು. ಊರೋರ್ದೆಲ್ಲ ಚಿಂತೆ ಮಾಡ್ತೀರಿ, ಪಕ್ಕದೋರ್ದೇ ಕಾಣಲ್ವಲ್ಲ ನಿಮಗೆ.”

ಭಾವ ನಾಲ್ಕು ಮಾರು ದೂರದಲ್ಲಿ ಮುದ್ದೆ ಮುರಿಯುತ್ತಿದ್ದರು. ನಮ್ಮ ಮಾತು ಅವರಿಗೆ ಕೇಳಿಸೀತೆಂದು ನಾನು ಅವಳಿಗೆ ಸನ್ನೆ ಮಾಡಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಮೆಲ್ಲಗೆ ಮಾತಾಡುವ ಅಗತ್ಯವಿಲ್ಲ ಎಂದು ಅರ್ಥವಾಗಲು ನನಗೆ ಅಷ್ಟು ಹೊತ್ತು ಹಿಡಿಯಿತು.

ಆ ಮಧ್ಯಾಹ್ನ ಕೆಲಸ ಮಾಡಿದ ನೆನಪಿಲ್ಲ. ನೆನಪಾದದ್ದು ಬೇರೆ. ಮೊದಲ ಮೆಷಿನ್ ಕೊಂಡಾಗ ಅದರ ಡಬ್ಬಿಯಲ್ಲಿ ಸದ್ದು ತಡೆಯಲು ಕಿವಿ ಮುಚ್ಚುವ, ಬಟ್ಟಲಿನಂಥ ಎರಡು ದಪ್ಪ ಕಪ್ಪುಗಳ ಪಟ್ಟಿಯೊಂದು ಇತ್ತು. ಭಾವ ಅದನ್ನು ತಲೆಗೆ ಹಾಕಿಕೊಂಡು, “ನೋಡ್ಲಾ, ವಿಮಾನ ಓಡ್ಸೋರ ಥರ ಕಾಣ್ತೀನಾ?” ಎಂದಿದ್ದರು. ಹಾಕಿಕೊಂಡೇ ಎರಡು ಮೂರು ದಿನ ಕೆಲಸ ಮಾಡಿದರು. ನನಗೆ ನಿದ್ದೆ ಬರಲಿಲ್ಲ. ಕಿವಿ ಮುಚ್ಚಿಕೊಂಡರೆ ನನ್ನ ‘ಕೂ’ ಕೇಳಿಸುವುದು ಹೇಗೆ? ಮೇಲಿನಿಂದ ಕಲ್ಲು ಬಂದರೆ? ಆನೆ ಬಂದರೆ? ನಾಲ್ಕನೆಯ ದಿನ ನಾನೇ ಹೋಗಿ ಅದನ್ನು ಅವರ ತಲೆಯಿಂದ ಕಿತ್ತುಕೊಂಡೆ. “ಇದು ಬೇಡ ಭಾವ, ಅಪಾಯ” ಎಂದೆ. ಅವರು ಎದುರು ಹೇಳಲಿಲ್ಲ. ಹತ್ತು ಹನ್ನೆರಡು ವರ್ಷ, ಬೆಳಗಿನಿಂದ ಸಂಜೆವರೆಗೆ, ಆ ಮೆಷಿನ್ ಅವರ ಕಿವಿಯಿಂದ ಒಂದು ಮೊಳ ದೂರದಲ್ಲಿ ಅರಚುತ್ತ ಬಂತು. ನನ್ನ ಕಿವಿ ಚೆನ್ನಾಗಿಯೇ ಇದೆ. ನಾನು ಅರ್ಧ ದಿನ ಮೆಷಿನ್ ಆರಿಸಿ ಅಪಾಯದ ಸದ್ದಿಗೆ ಕಾಯುತ್ತ ನಿಂತವನಲ್ಲವೇ.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಕಿವಿಯ ವಿಷಯ ಹೇಳಿದೆ. ಕಿವಿ ಮುಚ್ಚುವ ಕಪ್ಪುಗಳ ವಿಷಯ ಹೇಳಲಿಲ್ಲ.

“ಹಂಗಾದ್ರೆ ನನ್ ಮೇಲೆ ಕೋಪ ಅಲ್ಲ ಅನ್ನು” ಎಂದಳು ಅಕ್ಕ. ಒಂದು ಕ್ಷಣ ಅವಳ ದನಿಯಲ್ಲಿ ನೆಮ್ಮದಿ ಇತ್ತು. ಆಮೇಲೆ, “ಇನ್ಮೇಲೆ ಗುಡ್ಡಕ್ಕೆ ಬೇಡ ಅಂತ ನೀನೇ ಹೇಳೋ. ನಾನ್ ಹೇಳಿದ್ರೆ ಮನೆ ಬಿಟ್ಟು ಹೋಗ್ತಾರೆ. ಗುಡ್ಡ ಒಂದು ಇಲ್ದಿದ್ರೆ ಅವರು ಸತ್ತಂಗೇ ಕಣೋ.”

ಹೇಳುವುದು ನನ್ನ ಪಾಲಿಗೆ ಬಂತು. ಕಾನೂನು ಮಾಡಿದವನು ನಾನು. ಅದರಂತೆ ಭಾವ ಮಾರನೆಯ ದಿನವೇ ಗುಡ್ಡ ಇಳಿಯಬೇಕಿತ್ತು. ಹೇಳಿದರೆ ಅವರಿಗೆ ಉಳಿಯುವುದು ರಾಗಿಹೊಲ ಮತ್ತು ಕೇಳಿಸದ ಮನೆ. ಹೇಳದಿದ್ದರೆ ಒಂದು ದಿನ ಉರುಳಿ ಬರುವ ಕಲ್ಲನ್ನು ನಾನು ನೋಡುತ್ತ ಕೂಗಬೇಕಾಗುತ್ತದೆ. ನಾನು ನನ್ನ ಜಾತಕಕ್ಕೆ ತಕ್ಕ ದಾರಿ ಹಿಡಿದೆ: ಹೇಳಲೂ ಇಲ್ಲ, ಬಿಡಲೂ ಇಲ್ಲ. ನಾಲ್ಕನೆಯ ಮತ್ತು ಐದನೆಯ ದಿನ ಭಾವನ ಕಣ್ಣಿಗೆ ಬೀಳುವ ಜಾಗದಲ್ಲೇ ನಿಂತು ಸವರಿದೆ. ಮರದ ಹಿಂದಕ್ಕೆ ಹೋಗಲಿಲ್ಲ. ಪಟ್ಟಿ ಮುಗಿದಾಗ ಟೋಪಿಯನ್ನು ಬೇಕೆಂದೇ ಎತ್ತರಕ್ಕೆ ಎತ್ತಿ ಬೀಸಿಕೊಳ್ಳುತ್ತಿದ್ದೆ. ಅವರು “ಕೂ” ಎನ್ನುತ್ತಿದ್ದರು, ನಾನು ಓಗೊಡುತ್ತಿದ್ದೆ. ಓಗೊಟ್ಟದ್ದು ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಗಟ್ಟಿಯಾಗಿ ಓಗೊಡುತ್ತಿದ್ದೆ. ಹೆಂಗಸರು ನಮ್ಮಿಬ್ಬರನ್ನೂ ನೋಡುವುದನ್ನು ಬಿಟ್ಟಿದ್ದರು.

ಐದನೆಯ ದಿನ ನಾಲ್ಕು ಗಂಟೆಯ ಹೊತ್ತಿಗೆ ಬಂಡೆಯವರೆಗೆ ಸವರಿ ಮುಗಿಯಿತು. ಹಾವು ಕಾಣಲಿಲ್ಲ, ಆನೆ ಬರಲಿಲ್ಲ, ಯಾವ ವೀರನ ಮೂಗೂ ಹೋಗಲಿಲ್ಲ. ಯಜಮಾನರು ಅರಸೀಕೆರೆಯಿಂದ ಕಾರಿನಲ್ಲಿ ಬಂದು, ಕೆಳಗಿನ ರಸ್ತೆಯಲ್ಲೇ ನಿಂತು ಗುಡ್ಡ ನೋಡಿದರು. “ಬಾಚಣಿಗೆ ಆಡ್ಸಿದಂಗೆ ಮಾಡಿದೀರಿ ಕಣ್ರೀ! ಮೇಲ್ಗಡೆ ಮಗ್ಗುಲು ಸವರಿದೋರು ಯಾರು?” ಎಂದರು. ನಾನು ಭಾವನ ಕಡೆ ಕೈ ತೋರಿಸಿದೆ. ಯಜಮಾನರು ಮೇಲೆ ನೋಡಿ ಕೈ ಮುಗಿದರು. ಭಾವ ಬಂಡೆಯ ಬುಡದಿಂದಲೇ ಕೈ ಎತ್ತಿದರು.

ಕಾರು ಹೋದ ಮೇಲೆ ನಾನು ಹತ್ತಿಕೊಂಡು ಭಾವನ ಹತ್ತಿರ ಹೋದೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋದದ್ದು. ಅವರು ಹೆಗಲ ಪಟ್ಟಿ ಬಿಚ್ಚಿ, ಮೆಷಿನ್ ಮಲಗಿಸಿ ಕೂತಿದ್ದರು. ಎದುರಿಗೆ ಕೂತೆ. ಬಿಸಿಲು ಜಾಸ್ತಿ ಅಂತಲೋ ಏನೋ ಒಂದು ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

“ಎರಡು ದಿನದಿಂದ ನನ್ ಕಣ್ಮುಂದೇನೇ ನಿಂತ್ಕಂಡು ಸವರ್ತಿದ್ದೀಯಲ್ಲ” ಎಂದರು. “ನನಗೆ ತಿಳಿಯಾಕಿಲ್ಲ ಅನ್ಕಂಡ್ಯಾ?”

ನಾನು ತಲೆ ತಗ್ಗಿಸಿದೆ.

“ಟೋಪಿ ಬೇರೆ ಬೀಸ್ತಾನೆ. ರೈಲ್ವೆ ಸ್ಟೇಷನ್ನಲ್ಲಿ ಬಾವುಟ ತೋರ್ಸ್ದಂಗೆ.” ಒಂದಿಷ್ಟು ನಕ್ಕರು. ನಾನೂ ನಗಲು ನೋಡಿದೆ. “ಒಂದು ಕಿವಿ ಪೂರ್ತಿ ಹೋಗೈತೆ ಕಣ್ಲಾ. ಇನ್ನೊಂದರಲ್ಲಿ ಜೀರುಂಡೆ ಕೂತೈತೆ, ಹಗಲೂ ರಾತ್ರಿ ಕುಯ್ಯೋ ಅಂತದೆ. ನಿಮ್ಮಕ್ಕಂಗೆ ಹೇಳಿಲ್ಲ.”

“ಅವಳಿಗೆ ಗೊತ್ತು ಭಾವ” ಎಂದೆ, ತುಟಿ ಅಗಲವಾಗಿ ಆಡಿಸಿ.

ಅವರು ಮಗ್ಗುಲಿಗೆ ಹೊರಳಿ, ಒಂದು ಹಿಡಿ ಹುಲ್ಲು ಕಿತ್ತು, ಬ್ಲೇಡಿಗೆ ಅಂಟಿದ ಲಂಟಾನದ ಹಸಿರನ್ನು ಉಜ್ಜತೊಡಗಿದರು. ಹಲ್ಲು ಹಲ್ಲಿಗೂ ನಿಂತು, ಪೂರ್ತಿ ಚೊಕ್ಕಟ ಮಾಡಿದರು.

“ಮುಂದಿನ ಗುಡ್ಡಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ” ಎಂದರು, ಬ್ಲೇಡಿನ ಮೇಲೆ ಬಾಗಿಕೊಂಡೇ. “ಕಾನೂನು ಕಾನೂನೇ ಅಲ್ವಾ.”

ಕಿವಿಯ ಕಪ್ಪುಗಳ ಮಾತು ಆಗ ನನ್ನ ಬಾಯಿಗೆ ಬಂತು. “ಕಿವಿ ಮುಚ್ಚಬೇಡಿ ಅಂದಿದ್ದು ನಾನೇ ಭಾವ. ನಂದೇ ತಪ್ಪು. ಗುಡ್ಡಕ್ಕೆ ನೀವು ಬನ್ನಿ, ಕೂಗೋದು ಬಿಟ್ಟು ಬೇರೆ ಏನಾದ್ರೂ ಮಾಡೋಣ” ಎಂದೆ. ಇಷ್ಟೂ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಜೀವನದಲ್ಲಿ ನಾನು ಯೋಚಿಸದೆ ಆಡಿದ ಮಾತು ಬಹುಶಃ ಅದೊಂದೇ.

ಭಾವ ಆ ಕಡೆ ತಿರುಗಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಬೆವರಿಗೆ ಅಂಟಿದ ಅಂಗಿ, ಹುಲ್ಲು ಹಿಡಿದ ಕೈ. ಕೈ ಒಂದು ಗಳಿಗೆಯೂ ನಿಲ್ಲದೆ ಬ್ಲೇಡು ಉಜ್ಜುತ್ತಲೇ ಇತ್ತು.

ಎದ್ದು ಎರಡು ಹೆಜ್ಜೆ ಸುತ್ತಿ, ಅವರ ಮುಖದ ಎದುರು ಕೂತು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಅವರ ಮೆಷಿನ್ನನ್ನೂ ನನ್ನ ಹೆಗಲಿಗೆ ಏರಿಸಿಕೊಂಡು, ಕಾಲಡಿ ನೋಡುತ್ತ, ಜೋಪಾನವಾಗಿ ಗುಡ್ಡ ಇಳಿದೆ.